ಒಂದು ಮಷೀನ್‌ನಾಗ ಬರ್ದಿಟ್ಟ ಫೈಲ್ ಇನ್ನೊಂದು ಮಷೀನ್‌ಗ ಅರ್ಧ ನಿಮಿಷ ಕಾಣವಲ್ದು, ಎನ್‌ಎಫ್‌ಎಸ್ ಗೊತ್ತಿದ್ದವ್ರು ಜರಾ ಹೇಳ್ರಿ

ಸ್ಕ್ಯಾನಿಂಗ್‌ರೂಂ_ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ನಾವು ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ಸಣ್ಣ ಡಿಜಿಟೈಜೇಶನ್ ಯೂನಿಟ್ ನಡಸ್ತೀವಿ. ಹಳೇ ರಿಜಿಸ್ಟರು, ದಫ್ತರ, ಸಾಲಿ ದಾಖಲಾತಿ ಪುಸ್ತಕ ಇವೆಲ್ಲ ಸ್ಕ್ಯಾನ್ ಮಾಡಿ ಇಂಡೆಕ್ಸ್ ಮಾಡಿ ಕೊಡೋ ಕೆಲಸ. ನಿಜಾಮರ ಕಾಲದ ಉರ್ದು ಕಾಗದ ಬಂದ್ರ ಅವನ್ನ ಬ್ಯಾರೆ ಫೋಲ್ಡರ್‌ಗ ಹಾಕ್ತೀವಿ, ಉರ್ದು ಓದೋ ಚಾಚಾ ಒಬ್ರು ಅದಾರ, ಅವ್ರು ಕುಂತು ಹೆಸರು ಇಸ್ವಿ ಟೈಪ್ ಮಾಡ್ತಾರ.

ಸೆಟಪ್ ಹಿಂಗದ. ಒಂದು ಲಿನಕ್ಸ್ ಸರ್ವರ್, ಅದರ ಮ್ಯಾಗ ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಮ್) ಎಕ್ಸ್‌ಪೋರ್ಟ್, ಅಂದ್ರ ಬ್ಯಾರೆ ಮಷೀನ್‌ಗಳು ನೆಟ್‌ವರ್ಕ್ ಮ್ಯಾಗ ಬಳಸಾಕ ಹಂಚಿಕೊಟ್ಟ ಫೋಲ್ಡರ್. ಸ್ಕ್ಯಾನರ್ ಹಚ್ಚಿದ ಮಷೀನ್ ಅಲ್ಲಿಗೇ ಬರೀತದ, ಓಸಿಆರ್ (ಚಿತ್ರದಾಗಿನ ಅಕ್ಷರ ಗುರುತಿಸೋ) ಮಷೀನ್ ಅಲ್ಲಿಂದಾನೇ ಓದ್ತದ. ಓಸಿಆರ್ ಮಷೀನ್‌ನಾಗ ಒಂದು ಪೈಥಾನ್ ಸ್ಕ್ರಿಪ್ಟ್ ಅದ, ಮುಂದಿನ ಪುಟದ ಫೈಲ್ ಬಂತಾ ಇಲ್ಲಾ ಅಂತ ಸೆಕೆಂಡಿಗೊಮ್ಮೆ ನೋಡ್ತದ, ಬಂದಿದ್ರ ತಗೊಂಡು ಕೆಲಸ ಶುರು ಮಾಡ್ತದ. ಈಗ ತೊಂದ್ರಿ ಏನಂದ್ರ ಸ್ಕ್ಯಾನ್ ಮುಗ್ದು ಫೈಲ್ ಸರ್ವರ್‌ನಾಗ ಕುಂತಿರ್ತದ, ನಾ ಸರ್ವರ್‌ಗೇ ಲಾಗಿನ್ ಆಗಿ ನೋಡೀನಿ, ಖರೇನ ಇರ್ತದ, ಆದ್ರ ಓಸಿಆರ್ ಮಷೀನ್ ಮಾತ್ರ ಇನ್ನಾ ಇಲ್ಲ ಇಲ್ಲ ಅಂತ ಹೇಳ್ತಿರ್ತದ, ಒಮ್ಮೊಮ್ಮೆ ಅರ್ಧ ನಿಮಿಷ, ಒಮ್ಮೊಮ್ಮೆ ಅದಕ್ಕೂ ಜಾಸ್ತಿ. ಇನ್ನೊಂದು ಭಾಳ ವಿಚಿತ್ರ ಅನಸಿದ್ದು, ಅದೇ ಓಸಿಆರ್ ಮಷೀನ್‌ನಾಗ ಇನ್ನೊಂದು ಟರ್ಮಿನಲ್ ತಗದು ಆ ಫೋಲ್ಡರ್‌ದಾಗ ಎಲ್‌ಎಸ್ (ಫೈಲ್ ಲಿಸ್ಟ್ ತೋರಿಸೋ ಕಮಾಂಡ್) ಹೊಡದ್ರ ಫೈಲ್ ಕಾಣಸ್ತದ, ಮತ್ತ ಅದೇ ಕ್ಷಣಕ್ಕ ಸ್ಕ್ರಿಪ್ಟ್‌ಗೂ ಸಿಗ್ತದ!

ಮತ್ತೊಂದು, ಅಪರೂಪಕ್ಕ ಅರ್ಧ ಪುಟದ್ದೇ ಇಮೇಜ್ ಓಸಿಆರ್‌ಗ ಹೋಗಿಬಿಡ್ತದ, ಕೆಳಗಿನ ಭಾಗ ಪೂರಾ ಕರ್ರಗ.

ಸ್ವಿಚ್ ನೋಡಿದ್ವಿ, ಕೇಬಲ್ ಬದಲಿಸಿದ್ವಿ, ಡಿಸ್ಕ್ ಛಲೋ ಅದ, ಪಿಂಗ್ ಅರ್ಧ ಮಿಲಿಸೆಕೆಂಡ್ ಒಳಗೇ ಬರ್ತದ. ಹುಡುಗ್ರು ಹೊಸ ಸರ್ವರ್ ತರೂಣು ಅಂತಾರ. ಅದರಿಂದ ಸರಿ ಆಗ್ತದೇನ್ರಿ?

ಬೀದರ್_ನೆಟ್

ಸರ್, ಇದು ಆಟ್ರಿಬ್ಯೂಟ್ ಕ್ಯಾಶ್, ಅಂದ್ರ ಫೈಲ್ ಬಗ್ಗೆ ಮಷೀನ್ ನೆನಪಿಟ್ಕೊಂಡ ಮಾಹಿತಿ. ಮೌಂಟ್ (ಸರ್ವರ್ ಫೋಲ್ಡರ್‌ನ ಮಷೀನ್‌ಗ ಹಚ್ಚೋದು) ಆಪ್ಶನ್‌ದಾಗ ಆ ಕ್ಯಾಶ್ ಬಂದ್ ಮಾಡೋ ನೋಎಸಿ ಹಾಕಿಬಿಡ್ರಿ, ಆಯ್ತು. ನಮ್ಮಲ್ಲಿ ಬೀದರ್‌ದಾಗ ಮೂರು ಮಷೀನ್ ಹಿಂಗೇ ಹಚ್ಚೀವಿ, ಅದನ್ನ ಹಾಕಿದ ಮ್ಯಾಲ ತಕರಾರೇ ಬಂದಿಲ್ಲ. ಸರ್ವರ್ ಏನೂ ಬದಲಿ ಮಾಡಬ್ಯಾಡ್ರಿ.

ಭೀಮಾತೀರ

ಸರ್ವರ್ ಬದಲಿ ಬ್ಯಾಡ ಅನ್ನೋದು ಖರೆ, ಆದ್ರ ನೋಎಸಿ ಹಾಕೂಕಿಂತ ಪೈಲೇ ಒಳಗ ಏನು ನಡೀಲತ್ತದ ಅಂತ ನೋಡ್ರಿ. ಎಲ್‌ಎಸ್ ಹೊಡದ ಕೂಡ್ಲೇ ಸ್ಕ್ರಿಪ್ಟ್‌ಗೂ ಸಿಗ್ತದ ಅಂತ ಬರ್ದೀರಲ್ಲ, ಉತ್ತರ ಅದರಾಗೇ ಅದ.

ನೆಟ್‌ವರ್ಕ್ ಫೈಲ್ ಸಿಸ್ಟಮ್‌ದಾಗ ಫೈಲ್‌ನ ಒಳಗಿನ ಡೇಟಾ ಬ್ಯಾರೆ, ಫೈಲ್ ಬಗ್ಗೆ ಇರೋ ಮಾಹಿತಿ ಬ್ಯಾರೆ. ಹೆಸರು, ಸೈಜ್, ಯಾವಾಗ ಬದಲಾಯ್ತು, ಯಾರದು, ಪರ್ಮಿಶನ್ ಏನು, ಇದೆಲ್ಲ ಮೆಟಾಡೇಟಾ. ಒಂದು ಫೈಲ್ ತಗಿಬೇಕಾದ್ರ ದಾರಿಯೊಳಗಿನ ಒಂದೊಂದು ಫೋಲ್ಡರ್‌ನೂ ಸರ್ವರ್‌ಗ ಕೇಳ್ಕೋತ ಹೋಗಬೇಕು. ಹಂಗ ಪ್ರತಿ ಸಲ ಕೇಳಿದ್ರ ಕೆಲಸ ನಡ್ಯಂಗಿಲ್ಲ ಅಂತ ಕ್ಲೈಂಟ್ (ಸರ್ವರ್‌ನ ಫೈಲ್ ಬಳಸೋ ಮಷೀನ್) ಒಮ್ಮೆ ಕೇಳಿದ್ದನ್ನ ತನ್ನ ರ್ಯಾಮ್‌ನಾಗ ನೆನಪಿಟ್ಕೋತದ. ನಿಮ್ಮ ಬ್ಯಾಂಕ್ ಪಾಸ್‌ಬುಕ್ ಇದ್ದಂಗ, ಎಂಟ್ರಿ ಮಾಡ್ಸಿದ ಹೊತ್ತಿನ ಲೆಕ್ಕ ಅದರಾಗಿರ್ತದ, ಆ ಮ್ಯಾಲ ಖಾತೇಕ್ಕ ಬಿದ್ದ ರೊಕ್ಕ ಬ್ಯಾಂಕಿಗೆ ಹೋಗಿ ಮತ್ತ ಎಂಟ್ರಿ ಮಾಡ್ಸೋ ತನಕ ಕಾಣಂಗಿಲ್ಲ.

ಎಷ್ಟೊತ್ತು ನೆನಪಿಡ್ತದ ಅಂದ್ರ, ಲಿನಕ್ಸ್ ಎನ್‌ಎಫ್‌ಎಸ್ ಕ್ಲೈಂಟ್‌ನಾಗ ಡಿಫಾಲ್ಟ್ ಹಿಂಗದ: ಫೈಲ್‌ಗ ಕಮ್ಮಿ ಅಂದ್ರ 3 ಸೆಕೆಂಡ್, ಜಾಸ್ತಿ ಅಂದ್ರ 60. ಡೈರೆಕ್ಟರಿಗ ಕಮ್ಮಿ ಅಂದ್ರ 30, ಜಾಸ್ತಿ ಅಂದ್ರ 60. ಟೈಮ್ ಮುಗದಾಗ ಸರ್ವರ್‌ಗ ಕೇಳ್ತದ, ಏನೂ ಬದಲಾಗಿಲ್ಲ ಅಂದ್ರ ಮುಂದಿನ ಸಲ ದುಪ್ಪಟ್ಟು ಹೊತ್ತು ನಂಬ್ತದ, 3 ಇದ್ದದ್ದು 6, 12, 24 ಹಿಂಗ ಏರ್ಕೋತ 60ಕ್ಕ ನಿಲ್ತದ. ಬದಲಾಗಿದ್ರ ಮತ್ತ ಕೆಳಗ ಬಂದು ಮೊದ್ಲಿಂದ ಶುರು.

ಈಗ ನಿಮ್ಮ ಸ್ಕ್ರಿಪ್ಟ್ ವಿಷಯಕ್ಕ ಬರ್ತೀನಿ. ಅದು ಇನ್ನಾ ಹುಟ್ಟದೇ ಇರೋ ಫೈಲ್‌ನ ಹೆಸರು ಹಿಡ್ದು ಅದ ಏನು ಅಂತ ಕೇಳ್ತದ. ಪೈಲೇ ಕೇಳಿದಾಗ ಸರ್ವರ್ ಇಲ್ಲ ಅಂದಿತ್ತು. ಆ ಇಲ್ಲ ಅನ್ನೋ ಉತ್ತರಾನೂ ಕ್ಲೈಂಟ್ ನೆನಪಿಟ್ಕೋತದ, ಇದಕ್ಕ ನೆಗೆಟಿವ್ ಡೆಂಟ್ರಿ ಅಂತಾರ. ಆ ನೆನಪು ಎಲ್ಲಿ ತನಕ ಅಂದ್ರ ಅದರ ಮೇಲಿನ ಫೋಲ್ಡರ್‌ನ ಆಟ್ರಿಬ್ಯೂಟ್ ಕ್ಯಾಶ್ ಮುಗಿಯೋ ತನಕ, ಅಂದ್ರ 30ರಿಂದ 60 ಸೆಕೆಂಡ್. ಆದ್ದರಿಂದ ನಿಮ್ಮ ಸ್ಕ್ರಿಪ್ಟ್ ಸೆಕೆಂಡಿಗೊಮ್ಮೆ ಕೇಳಿದ್ರೂ ಆ ಪ್ರಶ್ನೆ ಸರ್ವರ್ ತನಕ ಹೋಗೋದೇ ಇಲ್ಲ, ತನ್ನ ಮಷೀನ್‌ನಾಗೇ ಹಳೇ ಉತ್ತರ ತಗೊಂಡು ಕುಂದರ್ತದ.

ಎಲ್‌ಎಸ್ ಹೊಡದ್ರ ಏನಾಗ್ತದ? ಅದು ಫೋಲ್ಡರ್‌ನ ಓಪನ್ ಮಾಡ್ತದ. ಓಪನ್ ಆಗೋ ಮುಂದ ಕ್ಲೈಂಟ್ ತಪ್ಪದೇ ಸರ್ವರ್‌ಗ ಒಮ್ಮೆ ಕೇಳಬೇಕು ಅನ್ನೋದು ಎನ್‌ಎಫ್‌ಎಸ್‌ನ ನಿಯಮ, ಕ್ಲೋಸ್-ಟು-ಓಪನ್ ಅಂತಾರ. ಒಬ್ಬ ಬರ್ದು ಕ್ಲೋಸ್ ಮಾಡಿದ ಮ್ಯಾಲ ಇನ್ನೊಬ್ಬ ಓಪನ್ ಮಾಡಿದ್ರ ಹೊಸದೇ ಕಾಣಬೇಕು, ಎನ್‌ಎಫ್‌ಎಸ್ ಕೊಡೋ ಮಾತು ಇಷ್ಟೇ. ಲಿನಕ್ಸ್ ಕ್ಲೈಂಟ್ ಡೈರೆಕ್ಟರಿ ಓಪನ್‌ಗೂ ಹಿಂಗೇ ಮಾಡ್ತದ. ಕೇಳಿದಾಗ ಫೋಲ್ಡರ್ ಬದಲಾಗ್ಯಾದ ಅಂತ ಗೊತ್ತಾಗ್ತದ, ಹಳೇ ಇಲ್ಲ ಅನ್ನೋ ನೆನಪೆಲ್ಲ ಬಿದ್ದೋಗ್ತದ, ಆಮ್ಯಾಲ ನಿಮ್ಮ ಸ್ಕ್ರಿಪ್ಟ್‌ಗೂ ಖರೆ ಉತ್ತರ ಸಿಗ್ತದ.

ಹಂಗಾಗಿ ಪೈಲಾ ಮದ್ದು ಮೌಂಟ್‌ದಾಗ ಇಲ್ಲ, ಸ್ಕ್ರಿಪ್ಟ್‌ದಾಗ ಅದ. ಫೈಲ್ ಅದ ಏನು ಅಂತ ಕೇಳೋದು ಬಿಟ್ಟು ಫೋಲ್ಡರ್‌ನ ಲಿಸ್ಟ್ ತಗೊಂಡು ಅದರಾಗ ಹೊಸದು ಏನದ ಅಂತ ನೋಡ್ರಿ. ಪೈಥಾನ್‌ದಾಗ ಎಕ್ಸಿಸ್ಟ್ಸ್ ಬದಲಿ ಲಿಸ್ಟ್‌ಡಿರ್. ಸೆಕೆಂಡಿಗೊಂದು ಸಣ್ಣ ಪ್ರಶ್ನೆ ಸರ್ವರ್‌ಗ ಹೋಗ್ತದ, ಅಷ್ಟೇ ಖರ್ಚು.

ಅರ್ಧ ಇಮೇಜಿಂದು ಬ್ಯಾರೆ ಕಾರಣ. ಬರ್ಯೋದು ಮುಗ್ಯಾಕ ಮೊದ್ಲೇ ಹೆಸರು ಕಾಣಸ್ತದ, ನೀವು ಓದಿಬಿಡ್ತೀರಿ. ಸ್ಕ್ಯಾನರ್ ಮಷೀನ್‌ನಾಗ ಬ್ಯಾರೆ ತಾತ್ಕಾಲಿಕ ಹೆಸರಿಲೆ ಬರೀರಿ, ಪೂರಾ ಬರ್ದು ಕ್ಲೋಸ್ ಆದ ಮ್ಯಾಲ ಖರೆ ಹೆಸರಿಗೆ ರೀನೇಮ್ ಮಾಡ್ರಿ. ರೀನೇಮ್ ಅನ್ನೋದು ಆದ್ರ ಪೂರಾ ಆಗ್ತದ, ಇಲ್ಲಂದ್ರ ಇಲ್ಲ, ನಡುವಿಂದು ಯಾರಿಗೂ ಕಾಣಂಗಿಲ್ಲ. ಆದ್ರ ತಾತ್ಕಾಲಿಕ ಫೈಲ್ ಅದೇ ಎಕ್ಸ್‌ಪೋರ್ಟ್ ಒಳಗಿರಬೇಕು ನೋಡ್ರಿ, ಲೋಕಲ್ ಡಿಸ್ಕ್‌ನಾಗ ಬರ್ದು ಮೂವ್ ಮಾಡಿದ್ರ ಅದು ರೀನೇಮ್ ಅಲ್ಲ, ಕಾಪಿ, ಮತ್ತ ಅದೇ ಗೋಳು. ಕ್ಲೋಸ್ ಮಾಡಿದಾಗ ಎರರ್ ಬಂತಾ ಅಂತಾನೂ ನೋಡ್ರಿ, ಸರ್ವರ್ ಡಿಸ್ಕ್ ತುಂಬಿದ್ದು ಭಾಳ ಸಲ ಅಲ್ಲೇ ಗೊತ್ತಾಗೋದು.

ಕಲಿಯಾಕಿ_ಯಾದಗಿರಿ

ಸರ್ ನಾ ಇಂಜಿನಿಯರಿಂಗ್ ಓದ್ಲತ್ತೀನಿ, ಒಂದು ಡೌಟು. ಕ್ಲೈಂಟ್ ಹಿಂಗ ಗಡಿಯಾರ ನೋಡ್ಕೋತ ಅಂದಾಜಿನ ಮ್ಯಾಗ ಯಾಕ ನಡೀಬೇಕು? ಫೈಲ್ ಬದಲಾದಾಗ ಸರ್ವರೇ ಹೇಳಬಹುದಲ್ಲ, ನೋಡ್ರಪ್ಪ ಇದು ಬದಲಾಯ್ತು ಅಂತ? ಮತ್ತ ಡಿಸ್ಕ್ ಮ್ಯಾಲ ಕ್ಯಾಶ್ ಇಡೋ ಆಪ್ಶನ್ ಅದಲ್ಲ ಎಫ್‌ಎಸ್‌ಸಿ ಅಂತ, ಅದನ್ನ ಹಚ್ಚಿದ್ರ ಇದಕ್ಕ ಉಪಯೋಗ ಆಗ್ತದೇನ್ರಿ?

ಹಳೇ_ಯುನಿಕ್ಸ್

ತಂಗಿ, ಎರಡನೇದು ಮೊದ್ಲು ಮುಗಸ್ತೀನಿ. ಎಫ್‌ಎಸ್‌ಸಿ ಹಾಕಿದ್ರ ಡಿಸ್ಕ್‌ಗ ಹೋಗೋದು ಫೈಲ್ ಡೇಟಾ ಮಾತ್ರ. ಹೆಸರು, ಆಟ್ರಿಬ್ಯೂಟ್ ಇವು ಕರ್ನಲ್‌ನ (ಲಿನಕ್ಸ್‌ನ ಒಳಗಿನ ತಿರುಳು) ಡೆಂಟ್ರಿ ಅಂದ್ರ ಹೆಸರಿನ, ಮತ್ತ ಐನೋಡ್ ಅಂದ್ರ ಫೈಲ್ ಮಾಹಿತಿಯ ಕ್ಯಾಶ್‌ನಾಗ, ಅಂದ್ರ ರ್ಯಾಮ್‌ನಾಗೇ ಇರ್ತಾವ. ಈ ತೊಂದ್ರಿಗೆ ಅದು ಏನೂ ಮಾಡಂಗಿಲ್ಲ.

ಮೊದಲನೇ ಪ್ರಶ್ನಿ ಭಾಳ ಛಲೋ ಕೇಳೀದಿ. ಸನ್ ಮೈಕ್ರೋಸಿಸ್ಟಮ್ಸ್‌ನವ್ರು 1980ರ ದಶಕದ ನಡುವ ಎನ್‌ಎಫ್‌ಎಸ್ ಕಟ್ಟಿದಾಗ ಸರ್ವರ್ ಯಾರ ನೆನಪೂ ಇಟ್ಕೋಬಾರದು ಅಂತ ಬೇಕಂತಲೇ ಹಂಗ ಮಾಡಿದ್ರು. ಸರ್ವರ್ ಬಿದ್ದು ಎದ್ರೂ ಕ್ಲೈಂಟ್ ಮತ್ತ ಅದೇ ಪ್ರಶ್ನಿ ಕೇಳಿದ್ರ ಸಾಕು, ಕೆಲಸ ಮುಂದ ಹೋಗ್ತದ. ಕರೆಂಟ್ ಹೋಗಿ ಬರೋ ನಮ್ಮ ಊರುಗಳಿಗೆ ಇದು ಸಣ್ಣ ಗುಣ ಅಲ್ಲ. ಆದ್ರ ಯಾರು ಯಾವ ಫೈಲ್ ನೋಡ್ಲತ್ತಾರ ಅಂತ ಗೊತ್ತೇ ಇಲ್ಲದ ಸರ್ವರ್ ಯಾರಿಗಂತ ಹೇಳಬೇಕು? ಅದಕ್ಕೇ ಕ್ಲೈಂಟ್ ಗಡಿಯಾರದ ಮ್ಯಾಗ ನಡೀತದ. 1995ರಾಗ ಬಂದ ಆವೃತ್ತಿ 3ದಾಗೂ ಇದೇ ಕತಿ. ಅದರಾಗ ಒಂದು ಉಪಕಾರ ಆಯ್ತು, ರೀಡ್‌ಡಿರ್‌ಪ್ಲಸ್ ಬಂತು, ಫೋಲ್ಡರ್ ಲಿಸ್ಟ್ ಕೇಳಿದ್ರ ಹೆಸರಿನ ಜೋಡಿ ಆಟ್ರಿಬ್ಯೂಟ್‌ನೂ ಒಟ್ಟಿಗೆ ಕೊಡ್ತದ.

ನೀ ಹೇಳೋ ದಾರಿ ಹಿಡದವ್ರು ಕಾರ್ನೆಗಿ ಮೆಲನ್ ಯೂನಿವರ್ಸಿಟಿಯವ್ರು, ಎಎಫ್‌ಎಸ್ (ಆಂಡ್ರ್ಯೂ ಫೈಲ್ ಸಿಸ್ಟಮ್) ಅಂತ. ಅವರ ಮೊದಲನೇ ಪ್ರೊಟೊಟೈಪ್‌ದಾಗ ಕ್ಲೈಂಟ್ ಪ್ರತಿ ಓಪನ್‌ಗೂ ನನ್ನ ಹತ್ರ ಇರೋ ಕಾಪಿ ಇನ್ನಾ ಸರಿ ಅದನಾ ಅಂತ ಸರ್ವರ್‌ಗ ಕೇಳ್ತಿತ್ತು. ಅಳತಿ ಮಾಡಿ ನೋಡಿದ್ರ ಸರ್ವರ್‌ಗ ಬರೋ ಮಾತಿನಾಗ ಅರ್ಧಕ್ಕಿಂತ ಜಾಸ್ತಿ ಇದೊಂದೇ ಪ್ರಶ್ನಿ! ಫೈಲ್ ತಗೊಳ್ಳೋ ಖರೆ ಕೆಲಸ ಸ್ವಲ್ಪೇ. ಅದಕ್ಕ ಮುಂದಿನ ಆವೃತ್ತಿದಾಗ ಕಾಲ್‌ಬ್ಯಾಕ್ ತಂದ್ರು, ಸರ್ವರ್ ಮಾತು ಕೊಡ್ತದ, ಇದು ಬದಲಾದ್ರ ನಾನೇ ಹೇಳ್ತೀನಿ, ಅಲ್ಲಿ ತನಕ ಕೇಳಬ್ಯಾಡ ಅಂತ. ಆದ್ರ ಮಾತು ಕೊಟ್ಟ ಮ್ಯಾಲ ಯಾರಿಗೆ ಕೊಟ್ಟೀನಿ ಅಂತ ನೆನಪಿಡಬೇಕಲ್ಲ, ಕ್ಲೈಂಟ್ ಸತ್ತಿದ್ರ ಏನು, ನಡುವಿನ ಲೈನ್ ಹೋಗಿದ್ರ ಏನು? ಗ್ರೇ ಮತ್ತ ಚೆರಿಟನ್ ಅನ್ನೋರು 1989ರಾಗ ಲೀಸ್ ಅಂತ ತೋರಿಸಿದ್ರು, ಮಾತಿಗೆ ಅವಧಿ ಹಾಕೋದು, ಅವಧಿ ಮುಗೀತಂದ್ರ ಮಾತೂ ಮುಗೀತು. ಈಗಿನ ಬಹಳಷ್ಟು ಫೈಲ್ ಸಿಸ್ಟಮ್ ನಿಂತಿರೋದು ಈ ವಿಚಾರದ ಮ್ಯಾಗೇ.

ಎನ್‌ಎಫ್‌ಎಸ್ 4ರಾಗ ಡೆಲಿಗೇಶನ್ ಅಂತ ಅದ, ಸರ್ವರ್ ಒಂದು ಫೈಲ್‌ನ ಉಸ್ತುವಾರಿ ಕ್ಲೈಂಟ್‌ಗೇ ಕೊಡ್ತದ, ಬ್ಯಾರೆಯವ್ರು ಬಂದು ಬರೀತೀನಿ ಅಂದ್ರ ವಾಪಸ್ ಕೇಳ್ತದ. 4.0ರಾಗ ಹಂಗ ವಾಪಸ್ ಕೇಳಾಕ ಸರ್ವರ್‌ನಿಂದ ಕ್ಲೈಂಟ್‌ಗ ಬ್ಯಾರೆ ಕನೆಕ್ಷನ್ ಬೇಕು, ನಡುವ ಫೈರ್‌ವಾಲ್ ಇದ್ರ ಆಗಂಗಿಲ್ಲ. 4.1ರಾಗ ಇದ್ದ ಕನೆಕ್ಷನ್ ಮ್ಯಾಗೇ ವಾಪಸ್ ಮಾತು ಬರ್ತದ, ಅದಕ್ಕ ಹೊಸದಾಗಿ ಹಚ್ಚೋರು 4.1 ಇಲ್ಲಾ 4.2 ಹಚ್ಚಬೇಕು ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ಆದ್ರ ಇದು ಫೈಲ್‌ಗ ಸಿಗೋ ಭರವಸೆ. ಸ್ಕ್ಯಾನಿಂಗ್‌ರೂಂ ಅವರ ತೊಂದ್ರಿ ಇರೋದು ಫೋಲ್ಡರ್ ಒಳಗಿನ ಹೆಸರಿಂದು, ಅಲ್ಲಿ ಇವತ್ತಿಗೂ ಗಡಿಯಾರಾನೇ ಅಂತ ತಿಳ್ಕೊಂಡು ಪ್ರೋಗ್ರಾಂ ಬರ್ಯೋದು ಛಲೋ.

ಬೀದರ್_ನೆಟ್

ಎಲ್ಲಾ ಸರಿ ಸರ್, ಇತಿಹಾಸ ಭಾಳ ಛಲೋ ಹೇಳಿದ್ರಿ, ಆದ್ರ ಎಲ್ಲರ ಹತ್ರಾನೂ ಪ್ರೋಗ್ರಾಂ ತಿದ್ದೋ ಹುಡುಗ್ರು ಇರಂಗಿಲ್ಲ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟವ್ರು ಫೋನೇ ಎತ್ತಂಗಿಲ್ಲ, ಸೋರ್ಸ್ ನಮ್ಮ ಕೈಯಾಗಿಲ್ಲ. ಅದು ಸಣ್ಣ ಸಣ್ಣ ಫೈಲ್ ಬರೀತದ, ಇನ್ನೊಂದು ಮಷೀನ್ ಓದ್ತದ. ನಿಧಾನ ಆದ್ರೂ ನಡೀತದ, ಲೆಕ್ಕ ತಪ್ಪಬಾರದು. ಅಂಥವರಿಗೆ ನೋಎಸಿ ಬಿಟ್ಟು ಬ್ಯಾರೆ ಏನದ?

ಭೀಮಾತೀರ

ಪ್ರೋಗ್ರಾಂ ಕೈಯಾಗಿಲ್ಲ ಅಂದ್ರ ಮೌಂಟ್‌ದಾಗೇ ಮಾಡಬೇಕು, ಒಪ್ಪತೀನಿ. ಆದ್ರ ಅಲ್ಲೂ ನೋಎಸಿ ಕೊನೇದು ಸರ್, ಅದಕ್ಕೂ ಮೊದ್ಲು ಹಗುರದ್ದು ಅವ.

ನೋಎಸಿ ಅಂದ್ರ ಆಟ್ರಿಬ್ಯೂಟ್ ಕ್ಯಾಶ್ ಬಂದ್ ಮಾಡೋದು ಒಂದೇ ಅಲ್ಲ. ಅದು ಎಸಿಟೈಮಿಯೋ (ಕ್ಯಾಶ್ ಎಷ್ಟು ಸೆಕೆಂಡ್ ನಂಬಬೇಕು ಅನ್ನೋ ಆಪ್ಶನ್) ಸೊನ್ನೆ, ಮತ್ತ ಅದರ ಜೋಡಿ ಸಿಂಕ್. ಸಿಂಕ್ ಅನ್ನೋದನ್ನೇ ಜನ ಮರೀತಾರ. ಪ್ರತಿ ರೈಟ್ ಸರ್ವರ್ ತನಕ ಹೋಗಿ ಬರ್ದಾಯ್ತು ಅಂತ ಉತ್ತರ ಬರೋ ತನಕ ಪ್ರೋಗ್ರಾಂ ನಿಂತಿರಬೇಕು. ನಿಮ್ಮ ಬಿಲ್ಲು ಸಣ್ಣವು, ಅದಕ್ಕ ತಡೀತದ. ಆದ್ರ ಸ್ಕ್ಯಾನಿಂಗ್ ಲೆಕ್ಕ ಹಾಕಿ ನೋಡ್ರಿ: 300 ಡಿಪಿಐ ಕಲರ್‌ದಾಗ ಒಂದು ಎ4 ಪುಟ ಕಂಪ್ರೆಸ್ ಮಾಡದಿದ್ರ ಸುಮಾರು 26 ಎಂಬಿ ಆಗ್ತದ. ಸ್ಕ್ಯಾನರ್ ಸಾಫ್ಟ್‌ವೇರ್ ಅದನ್ನ 8 ಕೆಬಿ ತುಂಡು ತುಂಡಾಗಿ ಬರೀತಿದ್ರ ಒಂದೊಂದು ಪುಟಕ್ಕ 3000ಕ್ಕೂ ಜಾಸ್ತಿ ರೈಟ್, ಒಂದೊಂದಕ್ಕೂ ನಿಂತು ನಿಂತು ಹೋಗಬೇಕು. ಸ್ಕ್ಯಾನರ್ ಮುಂದ ಕುಂತ ಹುಡುಗ ಪುಟ ತಿರುವಿ ಹಾಕಿ ಕಾಯಬೇಕಾಗ್ತದ. ಈಗ ಇಲ್ಲದ ತೊಂದ್ರಿ ನಾವೇ ತಂದು ಹಚ್ಚಿದಂಗ.

ಮತ್ತ ಇಷ್ಟೆಲ್ಲ ಕೊಟ್ರೂ ನೋಎಸಿ ಪೂರಾ ಗ್ಯಾರಂಟಿ ಅಲ್ಲ. ನೀವು ಸರ್ವರ್‌ಗ ಕೇಳಿ ಉತ್ತರ ತಗೊಂಡು ಅದನ್ನ ಬಳಸೋ ನಡುವ ಇನ್ನೊಬ್ಬ ಬರ್ದಿರಬಹುದು. ಎರಡು ಮಷೀನ್ ಒಂದೇ ಫೈಲ್‌ಗ ಬರೀತಾವ ಅಂದ್ರ ಅದಕ್ಕ ಇರೋ ಸಾಧನ ಲಾಕ್. ಲಾಕ್ ಹಿಡಿದಾಗ ಕ್ಲೈಂಟ್ ತನ್ನ ಹಳೇ ನೆನಪು ನಂಬಂಗಿಲ್ಲ, ಸರ್ವರ್‌ಗ ಕೇಳ್ತದ, ಬಿಡೋ ಮುಂದ ಬರ್ದಿದ್ದೆಲ್ಲ ಸರ್ವರ್‌ಗ ಮುಟ್ಟಸ್ತದ. ಎನ್‌ಎಫ್‌ಎಸ್ ಮ್ಯಾನ್ ಪುಟದಾಗೂ ನೋಎಸಿ ಬಗ್ಗೆ ಹೇಳೋ ಕಡೀಗೆ ಲಾಕ್ ಬಳಸೋದೇ ಛಲೋ ಅಂತ ಬರ್ದಾರ.

ಹಗುರದ್ದು ಅಂದ್ನಲ್ಲ, ಅದು ಲುಕಪ್‌ಕ್ಯಾಶ್ ಅನ್ನೋ ಮೌಂಟ್ ಆಪ್ಶನ್. ಅದಕ್ಕ ಪಾಸಿಟಿವ್ ಅಂತ ಕೊಟ್ರ ಕ್ಲೈಂಟ್ ಅದ ಅನ್ನೋ ಉತ್ತರ ನೆನಪಿಡ್ತದ, ಇಲ್ಲ ಅನ್ನೋದನ್ನ ಮಾತ್ರ ಪ್ರತಿ ಸಲ ಸರ್ವರ್‌ಗ ಕೇಳ್ತದ. ಸ್ಕ್ಯಾನಿಂಗ್‌ರೂಂ ಅವರ ತೊಂದ್ರಿಗೆ ಅಳತಿ ತಗೊಂಡು ಹೊಲದಂಗ ಅದು. ನನ್ ಅಂತ ಕೊಟ್ರ ಎರಡೂ ಕೇಳ್ತದ, ಅದು ಭಾರ. ಹಂಗೇ ಎಸಿಡಿರ್‌ಮಿನ್ ಎಸಿಡಿರ್‌ಮ್ಯಾಕ್ಸ್ (ಮ್ಯಾಗ ಹೇಳಿದ ಡೈರೆಕ್ಟರಿಯ 30, 60 ಸೆಕೆಂಡ್) ಎರಡನ್ನೂ ಇಳಿಸಬಹುದು, ಬರೇ ಫೋಲ್ಡರ್ ಕ್ಯಾಶ್ ಸಣ್ಣದಾಗ್ತದ, ಫೈಲ್‌ಂದು ಹಂಗೇ ಇರ್ತದ. ರೈಟ್ ಏನೂ ನಿಧಾನ ಆಗಂಗಿಲ್ಲ. ನಿಮಗೂ ಇದನ್ನೇ ಮೊದ್ಲು ಹಾಕಿ ನೋಡ್ರಿ ಅಂತೀನಿ.

ಒಂದು ಎಚ್ಚರ, ಬ್ಯಾರೆ ಬ್ಯಾರೆ ಆಪ್ಶನ್ ಕೊಟ್ಟು ಒಂದೇ ಎಕ್ಸ್‌ಪೋರ್ಟ್‌ನ ಒಂದೇ ಮಷೀನ್‌ನಾಗ ಎರಡು ಕಡೆ ಮೌಂಟ್ ಮಾಡಿದ್ರ ಎರಡಕ್ಕೂ ಬ್ಯಾರೆ ಬ್ಯಾರೆ ಕ್ಯಾಶ್ ಆಗ್ತದ. ಒಂದೇ ಫೈಲ್‌ನ ಎರಡೂ ದಾರಿಯಿಂದ ಮುಟ್ಟಬ್ಯಾಡ್ರಿ. ಆಪ್ಶನ್ ಬದಲಿಸಿದ ಮ್ಯಾಲ ಅನ್‌ಮೌಂಟ್ ಮಾಡಿ ಮತ್ತ ಮೌಂಟ್ ಮಾಡ್ರಿ, ಆಮ್ಯಾಲ ಪ್ರೊಕ್ ಒಳಗಿನ ಮೌಂಟ್ಸ್ ಫೈಲ್‌ದಾಗ ಖರೇನ ಹತ್ಯಾವ ಏನು ನೋಡ್ರಿ.

ಶಹಾಪುರ_ಸಿಸ್ಟಮ್

ನಂದು ಉಲ್ಟಾ ತ್ರಾಸ್ ಅದ್ರಿ. ನಾವು ಶಹಾಪುರದಾಗ ಕುಂತು ಕಲಬುರಗಿ ಆಫೀಸಿನ ಸರ್ವರ್‌ನ ವಿಪಿಎನ್ ಮ್ಯಾಗ ಮೌಂಟ್ ಮಾಡೀವಿ, ಪಿಂಗ್ 30 ಮಿಲಿಸೆಕೆಂಡ್ ಸುತ್ತಮುತ್ತ ಬರ್ತದ. ಒಂದು ಫೋಲ್ಡರ್‌ದಾಗ ಸುಮಾರು 40,000 ಫೈಲ್ ಅವ. ಎಲ್‌ಎಸ್ ಹೊಡದು ಚಹಾ ಕುಡ್ದು ಬಂದ್ರೂ ಮುಗ್ದಿರಂಗಿಲ್ಲ. ಲೈನ್ ಸ್ಪೀಡ್ ಜಾಸ್ತಿ ಮಾಡ್ಸಿದ್ವಿ, ಏನೂ ಫರಕ್ ಆಗಲಿಲ್ಲ. ಮಜಾ ಅಂದ್ರ ದೊಡ್ಡ ಪಿಡಿಎಫ್ ಮಾತ್ರ ಜಲ್ದಿ ಇಳೀತದ.

ಭೀಮಾತೀರ

ಸ್ಪೀಡ್ ಜಾಸ್ತಿ ಮಾಡ್ಸಿದ್ರ ಆಗಂಗಿಲ್ಲ, ಯಾಕಂದ್ರ ನಿಮಗ ತಡ ಆಗ್ಲತ್ತಿರೋದು ಹೋಗಿ ಬರೋದ್ರಾಗ. ಲೆಕ್ಕ ಸರಳ ಅದ. ಒಂದೊಂದು ಫೈಲ್‌ನ ಆಟ್ರಿಬ್ಯೂಟ್‌ಗೂ ಒಂದೊಂದು ಸಲ ಸರ್ವರ್‌ಗ ಹೋಗಿ ಬಂದ್ರ 40,000 ಸಲ 30 ಮಿಲಿಸೆಕೆಂಡ್, ಅಂದ್ರ 1200 ಸೆಕೆಂಡ್, ಪೂರಾ 20 ನಿಮಿಷ. ಅದೇ ಕಲಬುರಗಿ ಆಫೀಸಿನ ಲ್ಯಾನ್‌ನಾಗ ಅರ್ಧ ಮಿಲಿಸೆಕೆಂಡ್ ಅಂದ್ರ 20 ಸೆಕೆಂಡ್. ಫೈಲು ಅವೇ, ಡಿಸ್ಕು ಅದೇ.

ಪೈಲೇ ನೋಡೋದು, ಮೌಂಟ್‌ದಾಗ ಯಾರರ ನೋರ್‌ಡಿರ್‌ಪ್ಲಸ್ ಅಂತ ಹಾಕ್ಯಾರೇನು. ಹಾಕಿದ್ರ ತಗೀರಿ, ಅದರಿಂದ ರೀಡ್‌ಡಿರ್‌ಪ್ಲಸ್ ಬಂದ್ ಆಗಿರ್ತದ. ಎರಡನೇದು, ಎಲ್‌ಎಸ್‌ಗ ಕಲರ್ ಅಲಿಯಾಸ್ (ಬಣ್ಣ ತೋರಿಸೋ ಆಪ್ಶನ್ ತಾನೇ ಸೇರಿಸೋ ಅಡ್ಡಹೆಸರು) ಇರ್ತದ, ಬರೇ ಎಲ್‌ಎಸ್ ಅಂತ ಹೊಡದ್ರೂ ಯಾವ ಬಣ್ಣ ಹಚ್ಚಬೇಕು ಅಂತ ತಿಳ್ಕೊಳ್ಳಾಕ ಒಂದೊಂದು ಫೈಲ್‌ನೂ ಸ್ಟ್ಯಾಟ್ ಮಾಡ್ತದ, ಅಂದ್ರ ಅದರ ಆಟ್ರಿಬ್ಯೂಟ್ ಕೇಳ್ತದ. ಮುಂದ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ ಎಲ್‌ಎಸ್ ಹೊಡದು ನೋಡ್ರಿ, ಅಲಿಯಾಸ್ ತಪ್ಪಸ್ತದ, ಫರಕ್ ಕಣ್ಣಿಗೇ ಕಾಣಸ್ತದ.

ಮೂರನೇದು ನಿಮ್ಮ ಕಡೆ ಬರ್ಯೋರು ಯಾರು ಅನ್ನೋದು. ಶಹಾಪುರದಾಗ ನೀವು ಬರೇ ಓದೋರು, ಫೈಲ್‌ಗಳು ಹಳೇವು, ದಿನಕ್ಕ ಒಂದೆರಡು ಸಲ ಬದಲಾಗ್ತಾವ ಅಂದ್ರ ಎಸಿಟೈಮಿಯೋ 600 ಇಟ್ಟುಬಿಡ್ರಿ, ಹತ್ತು ನಿಮಿಷ ನೆನಪಿರ್ತದ. ಹೊಸದು ಬರಾಕ ಹತ್ತು ನಿಮಿಷ ತಡ ಆದ್ರ ಯಾರ ಕೆಲಸಾನೂ ನಿಲ್ಲಂಗಿಲ್ಲ. ಸ್ಕ್ಯಾನಿಂಗ್‌ರೂಂ ಅವರಿಗೆ ಇಳಸ್ರಿ ಅಂದೆ, ನಿಮಗ ಏರಸ್ರಿ ಅಂತೀನಿ, ಯಾಕಂದ್ರ ಇದು ಮೌಂಟ್ ಒಂದೊಂದಕ್ಕೂ ಬ್ಯಾರೆ ನಿರ್ಧಾರ. ಯಾರು ಬರೀತಾರ, ಯಾರು ಓದ್ತಾರ, ಎಷ್ಟೊತ್ತು ಹಳೇದು ಕಂಡ್ರ ನಷ್ಟ ಇಲ್ಲ, ಇವು ಮೂರು ಪ್ರಶ್ನಿ ಕೇಳದೇ ಇನ್ನೊಬ್ಬರ ಮೌಂಟ್ ಲೈನ್ ಕಾಪಿ ಹೊಡಿಯೋ ರೂಢಿ ನಮ್ಮ ಕಡೆ ಭಾಳ ಅದ, ಅದು ಹೋಗಬೇಕು.

ಮತ್ತ ಸಾಧ್ಯ ಆದ್ರ ಆ 40,000 ಫೈಲ್‌ನ ಫೋಲ್ಡರ್ ಒಡೀರಿ, ವರ್ಷಕ್ಕೊಂದು ತಾಲೂಕಿಗೊಂದು ಹಿಂಗ. ದೊಡ್ಡ ಫೋಲ್ಡರ್‌ದಾಗ ಒಂದೇ ಒಂದು ಫೈಲ್ ಸೇರಿದ್ರೂ ಫೋಲ್ಡರ್ ಬದಲಾಯ್ತು ಅಂತಾಗ್ತದ, ಕ್ಲೈಂಟ್ ಹಳೇ ಲಿಸ್ಟ್ ಚೆಲ್ಲಿ ಮತ್ತ ತರಬೇಕಾಗ್ತದ.

ಸ್ಕ್ಯಾನಿಂಗ್‌ರೂಂ_ಕಲಬುರಗಿ

ಎಲ್ಲರಿಗೂ ಭಾಳ ಉಪಕಾರ ಆಯ್ತ್ರಿ. ಮಾಡಿದ್ದು ಹೇಳ್ತೀನಿ. ಮೌಂಟ್ ಏನೂ ಮುಟ್ಟಿಲ್ಲ ಇನ್ನಾ. ಸ್ಕ್ರಿಪ್ಟ್‌ದಾಗ ಎಕ್ಸಿಸ್ಟ್ಸ್ ತಗದು ಲಿಸ್ಟ್‌ಡಿರ್ ಹಾಕಿದ್ವಿ, ಸ್ಕ್ಯಾನರ್ ಕಡೆ ತಾತ್ಕಾಲಿಕ ಹೆಸರು ಆಮ್ಯಾಲ ರೀನೇಮ್. ಈಗ ಪುಟ ಸ್ಕ್ಯಾನ್ ಆದ ಕೂಡ್ಲೇ ಓಸಿಆರ್ ಎತ್ಕೋತದ, ಕಾಯೋದೇ ಇಲ್ಲ. ಕರ್ರಗಿನ ಅರ್ಧ ಪುಟಾನೂ ಬಂದಿಲ್ಲ.

ಭೀಮಾತೀರ ಸರ್ ಫೋಲ್ಡರ್ ಒಡೀರಿ ಅಂದದ್ದು ನಮಗೂ ಲಾಗು ಆಗ್ತದ ಅನಸ್ತು. ಮೊದ್ಲು ಪೂರಾ ರಿಜಿಸ್ಟರ್ ಒಂದೇ ಫೋಲ್ಡರ್‌ದಾಗ ಬೀಳ್ತಿತ್ತು, ಈಗ ಬಂದಿದ್ದು ಒಂದು ಸಣ್ಣ ಫೋಲ್ಡರ್‌ಗ ಬೀಳ್ತದ, ಓಸಿಆರ್ ಮುಗದದ್ದನ್ನ ಅಲ್ಲಿಂದ ಎತ್ತಿ ರಿಜಿಸ್ಟರ್ ಹೆಸರಿನ ಫೋಲ್ಡರ್‌ಗ ಹಾಕ್ತೀವಿ. ಹಿಂಗಾಗಿ ಸ್ಕ್ರಿಪ್ಟ್ ಲಿಸ್ಟ್ ಮಾಡೋ ಫೋಲ್ಡರ್‌ದಾಗ ಯಾವಾಗ್ಲೂ ಕೈಬೆರಳೆಣಿಕೆ ಫೈಲ್ ಇರ್ತಾವ.

ಎನ್‌ಎಫ್‌ಎಸ್‌ಸ್ಟ್ಯಾಟ್ (ಸರ್ವರ್‌ಗ ಯಾವ ಪ್ರಶ್ನಿ ಎಷ್ಟು ಸಲ ಹೋತು ಅಂತ ತೋರಿಸೋ ಕಮಾಂಡ್) ಕ್ಲೈಂಟ್ ಲೆಕ್ಕಾನೂ ತಗದು ನೋಡಿದ್ವಿ. ಹಳೇ ಸ್ಕ್ರಿಪ್ಟ್ ಓಡ್ತಿದ್ದಾಗ ಲುಕಪ್ (ಹೆಸರು ಹುಡುಕೋ ಪ್ರಶ್ನಿ) ಸಂಖ್ಯೆ ನಿಂತಲ್ಲೇ ನಿಂತಿರ್ತಿತ್ತು, ಸೆಕೆಂಡಿಗೊಮ್ಮೆ ನಾವು ಕೇಳ್ಲತ್ತೀವಿ ಅಂತ ತಿಳ್ಕೊಂಡಿದ್ವಿ, ಕೇಳೇ ಇಲ್ಲ ಅದು! ಹೊಸದ್ರಾಗ ಗೆಟ್‌ಆಟರ್ (ಆಟ್ರಿಬ್ಯೂಟ್ ಕೇಳೋ ಪ್ರಶ್ನಿ) ಒಂದೊಂದೇ ಏರ್ತದ. ನೋಡಿ ಭಾಳ ಖುಷಿ ಆಯ್ತು, ಹುಡುಗ್ರಿಗೂ ತೋರಿಸಿದೆ. ಫೈಲ್ ಬದಲಾದಾಗ ಪ್ರೋಗ್ರಾಂಗ ತಾನೇ ತಿಳಿಸೋ ಇನೋಟಿಫೈ ಹಚ್ಚಿದ್ರ ಇನ್ನಾ ಛಲೋ ಆಗ್ತಿತ್ತಾ ಅಂತ ಒಬ್ಬ ಕೇಳ್ದ.

ಹಳೇ_ಯುನಿಕ್ಸ್

ಇನೋಟಿಫೈ ಇಲ್ಲಿ ಬರಂಗಿಲ್ಲ. ಅದು ಆ ಮಷೀನ್‌ನ ಕರ್ನಲ್ ಮುಖಾಂತರ ಆದ ಬದಲಾವಣಿಗೆ ಮಾತ್ರ ಗಂಟಿ ಹೊಡೀತದ. ಸ್ಕ್ಯಾನರ್ ಮಷೀನ್ ಬರ್ದದ್ದು ಓಸಿಆರ್ ಮಷೀನ್‌ನ ಕರ್ನಲ್‌ಗ ಗೊತ್ತೇ ಆಗಂಗಿಲ್ಲ. ಇನೋಟಿಫೈ ಬೇಕೇ ಬೇಕು ಅಂದ್ರ ಸರ್ವರ್ ಮ್ಯಾಲೇ ಓಡಿಸಬೇಕು. ಒಂದೇ ಮಷೀನ್‌ನಾಗ ಬರ್ದು ಓದಿ ಟೆಸ್ಟ್ ಮಾಡಿದ್ರ ಎಲ್ಲಾ ಸರಿ ಕಾಣೋದೂ ಇದಕ್ಕೇ, ತಾನು ಬರ್ದದ್ದು ತನಗ ಯಾವಾಗ್ಲೂ ಕೂಡ್ಲೇ ಕಾಣಸ್ತದ. ಟೆಸ್ಟ್‌ಗ ಎರಡು ಮಷೀನ್ ಬೇಕೇ ಬೇಕು.

ಹುಮನಾಬಾದ್_ಕ್ಲಸ್ಟರ್

ಎನ್‌ಎಫ್‌ಎಸ್ ಬಿಟ್ಟು ಬ್ಯಾರೆ ಬಳಸೋರಿಗೂ ಒಂದೆರಡು ಮಾತು ಸೇರಸ್ತೀನಿ, ಮುಂದ ಹುಡುಕ್ಕೋತ ಬಂದವ್ರಿಗೆ ಉಪಯೋಗ ಆಗಲಿ. ಗ್ಲಸ್ಟರ್, ಸೆಫ್ ಇವೆರಡೂ ಹಲವು ಸರ್ವರ್ ಸೇರಿಸಿ ನಡಿಸೋ ಫೈಲ್ ಸಿಸ್ಟಮ್. ಗ್ಲಸ್ಟರ್‌ದಾಗ ಎಂಡಿ-ಕ್ಯಾಶ್ (ಮೆಟಾಡೇಟಾ ಕ್ಯಾಶ್) ಅಂತ ಅದ, ಡಿಫಾಲ್ಟ್ 1 ಸೆಕೆಂಡ್ ಮಾತ್ರ ನೆನಪಿಡ್ತದ, ಅದಕ್ಕೇ ಸಣ್ಣ ಫೈಲ್ ಭಾಳ ಇದ್ದಲ್ಲಿ ಗ್ಲಸ್ಟರ್ ನಿಧಾನ ಅಂತ ಎಲ್ಲರೂ ಬೈತಾರ. ಮೆಟಾಡೇಟಾ-ಕ್ಯಾಶ್ ಅನ್ನೋ ಗ್ರೂಪ್ ಸೆಟ್ಟಿಂಗ್ ಹಾಕಿದ್ರ 600 ಸೆಕೆಂಡ್ ತನಕ ಇಡ್ತದ, ಮತ್ತ ಬದಲಾದಾಗ ಸರ್ವರ್ ಕಡೆಯಿಂದ ಕ್ಲೈಂಟ್‌ಗ ಸುದ್ದಿ ಬರ್ತದ. ಹಿಂಗ ಸುದ್ದಿ ಬರೋ ಕ್ಯಾಶ್ ಇನ್‌ವ್ಯಾಲಿಡೇಶನ್ ಇಲ್ಲದೇ ಬರೇ ಟೈಮ್ ಏರಿಸಬ್ಯಾಡ್ರಿ.

ಸೆಫ್‌ದಾಗ ಯಾದಗಿರಿ ತಂಗಿ ಕೇಳಿದ್ದು ಪೂರಾ ನಡೀತದ, ಮೆಟಾಡೇಟಾ ಸರ್ವರ್ ಒಂದೊಂದು ಕ್ಲೈಂಟ್‌ಗೂ ಯಾವ ಐನೋಡ್ ಮ್ಯಾಗ ಏನು ಹಕ್ಕು ಅಂತ ಕೊಡ್ತದ, ಕ್ಯಾಪ್ಸ್ ಅಂತಾರ, ಬೇಕಾದಾಗ ವಾಪಸ್ ತಗೋತದ. ಅದಕ್ಕ ಬೆಲೆ ಮೆಮೊರಿ. ಕ್ಲೈಂಟ್‌ಗಳು ಹಕ್ಕು ಬಿಟ್ಟುಕೊಡದೇ ಹಿಡ್ಕೊಂಡು ಕುಂತ್ರ ಕ್ಯಾಶ್ ಪ್ರೆಶರ್‌ಗ ಕ್ಲೈಂಟ್ ಉತ್ತರ ಕೊಡ್ಲತ್ತಿಲ್ಲ ಅಂತ ಎಚ್ಚರಿಕಿ ಬರ್ತದ, ನೋಡಿ ಗಾಬರಿ ಆಗೋರು ಭಾಳ. ಮೆಟಾಡೇಟಾ ಸರ್ವರ್ ಕ್ಯಾಶ್ ಮಿತಿ ಡಿಫಾಲ್ಟ್ 4 ಜಿಬಿ, ರ್ಯಾಮ್ ಇದ್ರ ಪೈಲೇ ಅದನ್ನ ಏರಸ್ರಿ, ಮತ್ತ ರಾತ್ರಿ ಎಲ್ಲಾ ಫೋಲ್ಡರ್ ಸುತ್ತಿ ಬರೋ ಬ್ಯಾಕಪ್ ಯಾವ ಕ್ಲೈಂಟ್‌ದಾಗ ಓಡ್ಲತ್ತದ ನೋಡ್ರಿ, ಬಹಳ ಸಲ ಅದೇ ಇರ್ತದ.

ಸ್ಕ್ಯಾನಿಂಗ್‌ರೂಂ_ಕಲಬುರಗಿ

ಕಡೀ ಒಂದು ಪ್ರಶ್ನಿ. ಉರ್ದು ಫೋಲ್ಡರ್ ನೋಡೋ ಚಾಚಾರ ಮಷೀನ್ ವಿಂಡೋಸ್, ಅದೇ ಸರ್ವರ್‌ನಿಂದ ಸಾಂಬಾ (ಲಿನಕ್ಸ್ ಫೋಲ್ಡರ್‌ನ ವಿಂಡೋಸ್‌ಗ ಹಂಚೋ ಸಾಫ್ಟ್‌ವೇರ್) ಮುಖಾಂತರ ಹಚ್ಚೀವಿ. ಅವರಿಗೂ ಹೊಸ ಪುಟ ಸ್ವಲ್ಪ ತಡ ಆಗಿ ಕಾಣಸ್ತಾವ, ಎಫ್5 ಒತ್ಕೋತ ಕುಂದರ್ತಾರ. ವಯಸ್ಸಾದವ್ರು, ಅವರಿಗೆ ಸುಲಭ ಮಾಡಿಕೊಡಬೇಕು.

ಭೀಮಾತೀರ

ವಿಂಡೋಸ್‌ನಾಗೂ ಇದೇ ಅದ, ಹೆಸರು ಬ್ಯಾರೆ. ರಿಜಿಸ್ಟ್ರಿದಾಗ ಲ್ಯಾನ್‌ಮ್ಯಾನ್‌ವರ್ಕ್‌ಸ್ಟೇಶನ್ ಸರ್ವಿಸ್‌ನ ಪ್ಯಾರಾಮೀಟರ್ಸ್ ಒಳಗ ಮೂರು ಮೌಲ್ಯ: ಡೈರೆಕ್ಟರಿ ಕ್ಯಾಶ್ ಲೈಫ್‌ಟೈಮ್ ಡಿಫಾಲ್ಟ್ 10 ಸೆಕೆಂಡ್, ಫೈಲ್ ಇನ್ಫೋ ಕ್ಯಾಶ್ ಲೈಫ್‌ಟೈಮ್ 10, ಫೈಲ್ ನಾಟ್ ಫೌಂಡ್ ಕ್ಯಾಶ್ ಲೈಫ್‌ಟೈಮ್ 5. ಮೂರನೇದು ಇಲ್ಲ ಅನ್ನೋ ನೆನಪು, ನಿಮ್ಮ ಓಸಿಆರ್ ಮಷೀನ್‌ಗ ಕಾಡಿದ್ದೇ. ಚಾಚಾರ ಮಷೀನ್ ಒಂದರಾಗ ಡೈರೆಕ್ಟರಿದು ಮಾತ್ರ 2ಕ್ಕ ಇಳಸಿ ನೋಡ್ರಿ, ಸೊನ್ನೆ ಮಾಡಬ್ಯಾಡ್ರಿ, ಥಂಬ್‌ನೇಲ್ ತೋರಿಸೋ ಫೋಲ್ಡರ್‌ದಾಗ ಎಕ್ಸ್‌ಪ್ಲೋರರ್ ಭಾಳ ಸಲ ಕೇಳ್ತದ. ಮೊದ್ಲು ರಿಜಿಸ್ಟ್ರಿ ಬ್ಯಾಕಪ್ ತಗೀರಿ, ಬದಲಿಸಿದ ಮ್ಯಾಲ ಮಷೀನ್ ರೀಸ್ಟಾರ್ಟ್ ಮಾಡ್ರಿ. ಅವರ ಫೋಲ್ಡರ್‌ಗೂ ತಾತ್ಕಾಲಿಕ ಹೆಸರು ಆಮ್ಯಾಲ ರೀನೇಮ್ ಅನ್ನೋ ನಿಯಮ ಹಚ್ಚೀರೇನು? ಇಲ್ಲಂದ್ರ ಅದನ್ನ ಪೈಲೇ ಹಚ್ಚರಿ, ಹಳೇ ನಸ್ತಾಲಿಕ್ ಬರಹದಾಗ ಪುಟದ ಕೆಳಗಿನ ಸಾಲು ಕಾಣದೇ ಹೋದ್ರ ಇಸ್ವಿ ಏನಿತ್ತು ಅಂತ ಅವ್ರು ಊಹಿಸಿ ಬರ್ಯಾಕ ಆಗಂಗಿಲ್ಲ.

ಸ್ಕ್ಯಾನಿಂಗ್‌ರೂಂ_ಕಲಬುರಗಿ

ಆ ಫೋಲ್ಡರ್‌ಗ ಹಚ್ಚಿರಲಿಲ್ರಿ, ಇವತ್ತೇ ಹಚ್ಚತೀವಿ. ರಿಜಿಸ್ಟ್ರಿ ಕೆಲಸ ಚಾಚಾ ನಮಾಜಿಗೆ ಹೋದಾಗ ಮಾಡ್ತೀನಿ, ಅವರ ಟೈಪಿಂಗ್ ನಿಲ್ಲಬಾರದು.